ನಾಟಕರತ್ನ ಗುಬ್ಬಿ ವೀರಣ್ಣನವರು

ಈ ತಿಂಗಳ ಗೋಡೆ ಪತ್ರಿಕೆಗೆ ಮಹನೀಯರ ಜೀವನ ಚರಿತ್ರೆ ಬರೆಯುವ ಸರದಿ ನನ್ನದು ಅಂತ ಕನ್ನಡ ಮೇಷ್ಟ್ರು ಹೇಳಿದರು. ಗಾಂಧೀಜಿ, ನೆಹರು, ಕುವೆಂಪು ಎಲ್ಲರದ್ದೂ ಆಗಿಹೋಗಿದೆ. ಸರ್ ಎಂ. ವಿಶ್ವೇಶ್ವರಯ್ಯನವರದ್ದು ಎರಡು ಸಲ ಬಂದಿದೆ, ನಾಲೆ ನೀರು ಕುಡಿಯೋ ಊರಲ್ಲಿ ಅದು ಸರಿಯೇ. ಆದರೆ ನಾನು ಈ ಸಲ ಗುಬ್ಬಿ ವೀರಣ್ಣನವರನ್ನು ಆರಿಸಿಕೊಂಡೆ. ನಾಟಕದವರ ಬಗ್ಗೆ ಯಾಕೆ ಅಂತ ಕೆಲವರು ನಕ್ಕರು. ಕಾರಣ ನಮ್ಮ ಮನೆಯಲ್ಲೇ ಐತೆ, ಹೇಳುತ್ತೇನೆ.

ನಮ್ಮೂರಲ್ಲಿ ಈ ವರ್ಷ ಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡುವುದು ಅಂತ ತೀರ್ಮಾನವಾಯಿತು. ಎರಡು ತಿಂಗಳಿಂದ ರಾತ್ರಿ ಊಟ ಆದಮೇಲೆ ರಾಮಮಂದಿರದಲ್ಲಿ ಪ್ರಾಕ್ಟೀಸು. ಡ್ರಾಮಾ ಮೇಷ್ಟ್ರು ಹಾರ್ಮೋನಿಯಂ ಇಟ್ಟುಕೊಂಡು ಕೂತರೆ ನಮ್ಮ ಓಣಿಯ ಹೈಕಳಿಗೆ ನಿದ್ದೆಯೇ ಇಲ್ಲ. ನಮ್ಮಪ್ಪನದು ಕರ್ಣನ ಪಾತ್ರ. ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಪಾತ್ರ ಮಾಡುವವರೇ ದುಡ್ಡು ಕೊಡಬೇಕು, ನಿಮಗೆಲ್ಲ ಗೊತ್ತು. ದುರ್ಯೋಧನನಿಗೆ ಎಲ್ಲರಿಗಿಂತ ಜಾಸ್ತಿ. ಅಪ್ಪ ಆಲೆಮನೆಯಿಂದ ಬಂದ ಬೆಲ್ಲದ ದುಡ್ಡಿನಲ್ಲಿ ಪಾತ್ರದ ಹಣ ಕಟ್ಟಿಬಿಟ್ಟರು. ಅವ್ವ ಮೂರು ದಿನ ಮಾತಾಡಲಿಲ್ಲ. ಮುದ್ದೆ ಮಾತ್ರ ಟೈಮಿಗೆ ಸರಿಯಾಗಿ ಇಕ್ಕುತ್ತಿದ್ದಳು.

ಅದೇ ಹೊತ್ತಿಗೆ ದೊಡ್ಡಪ್ಪನ ಮಗ, ನಮ್ಮಣ್ಣ, ಬೆಂಗಳೂರಿನಿಂದ ಬ್ಯಾಗು ಹೊತ್ತುಕೊಂಡು ವಾಪಸ್ಸು ಬಂದ. ಅವನು ಎರಡು ವರ್ಷದಿಂದ ಟಿ.ವಿ. ಧಾರಾವಾಹಿ ತೆಗೆಯುವ ಒಂದು ದೊಡ್ಡ ಕಂಪನಿಯಲ್ಲಿ ಲೈಟ್ ಹಿಡಿಯುವ ಕೆಲಸಕ್ಕಿದ್ದ. ಊರಿಗೆ ಬಂದಾಗಲೆಲ್ಲ ನಟರ ಜೊತೆ ತೆಗೆಸಿಕೊಂಡ ಫೋಟೋ ತೋರಿಸುತ್ತಿದ್ದ. ಈ ಸಲ ಧಾರಾವಾಹಿ ನಿಂತುಹೋಯಿತಂತೆ, ಎರಡು ತಿಂಗಳ ಸಂಬಳವೂ ಬಂದಿಲ್ಲವಂತೆ. ದೊಡ್ಡಪ್ಪ ಇನ್ನು ಕಬ್ಬಿಗೆ ನೀರು ಕಟ್ಟು ಅಂದರು. ಅಣ್ಣ ಏನೂ ಹೇಳದೆ ಜಗಲಿ ಮೇಲೆ ಕೂತಿದ್ದ.

ಒಬ್ಬರು ದುಡ್ಡು ಕೊಟ್ಟು ಬಣ್ಣ ಹಚ್ಚುತ್ತಾರೆ, ಇನ್ನೊಬ್ಬನಿಗೆ ದುಡಿದ ದುಡ್ಡೂ ಬರುವುದಿಲ್ಲ, ಆದರೂ ಇಬ್ಬರಿಗೂ ಅದೇ ಬೇಕು. ಇದು ಏನು ಅಂತ ನನಗೆ ಅರ್ಥ ಆಗಲಿಲ್ಲ. ಡ್ರಾಮಾ ಮೇಷ್ಟ್ರನ್ನು ಕೇಳಿದೆ. ಗುಬ್ಬಿ ವೀರಣ್ಣನವರ ಕಥೆ ಓದು, ಆಮೇಲೆ ಬಂದು ಕೇಳು ಅಂದರು. ಓದಿದೆ.

ಗುಬ್ಬಿ ವೀರಣ್ಣನವರು 1891ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಜನಿಸಿದರು. ಅದು ಅಡಿಕೆ, ತೆಂಗಿನ ಊರು. ಅಲ್ಲಿಯ ದೇವರು ಶ್ರೀ ಚನ್ನಬಸವೇಶ್ವರ ಸ್ವಾಮಿ. ವೀರಣ್ಣನವರು ಹುಟ್ಟುವುದಕ್ಕಿಂತ ಮುಂಚೆಯೇ, 1884ರಲ್ಲಿ, ಆ ಊರಿನ ಚಂದಣ್ಣನವರು, ಅಬ್ದುಲ್ ಅಜೀಜ್ ಸಾಹೇಬರು ಮುಂತಾದವರು ಸೇರಿ ಒಂದು ನಾಟಕ ಸಂಘ ಕಟ್ಟಿದ್ದರು. ಅದಕ್ಕೆ ದೇವರ ಹೆಸರನ್ನೇ ಇಟ್ಟರು. ಶ್ರೀ ಚನ್ನಬಸವೇಶ್ವರ ಕೃಪಾಪೋಷಿತ ನಾಟಕ ಸಂಘ ಅಂತ. ಇಷ್ಟುದ್ದದ ಹೆಸರನ್ನು ಜನ ಎಲ್ಲಿ ಹೇಳುತ್ತಾರೆ, ಗುಬ್ಬಿ ಕಂಪನಿ ಅಂತಲೇ ಕರೆದರು. ಹಿಂದೂಗಳೂ ಮುಸಲ್ಮಾನರೂ ಸೇರಿ ಚನ್ನಬಸವೇಶ್ವರನ ಹೆಸರಲ್ಲಿ ನಾಟಕ ಆಡಿದರು ಅನ್ನುವುದು ನನಗೆ ಬಹಳ ಇಷ್ಟವಾಯಿತು.

ವೀರಣ್ಣನವರು ಐದಾರು ವರ್ಷದ ಹುಡುಗನಾಗಿದ್ದಾಗಲೇ ಈ ಕಂಪನಿ ಸೇರಿದರು. ಅಂದರೆ ನಮ್ಮ ಶಾಲೆಯ ಒಂದನೇ ತರಗತಿಯ ಮಕ್ಕಳಷ್ಟು ವಯಸ್ಸು. ಮೊದಲು ಬಾಲಕರ ಪಾತ್ರ, ಆಮೇಲೆ ಬೇರೆ ಬೇರೆ ಪಾತ್ರ. ಸ್ಲೇಟು ಬಳಪಕ್ಕಿಂತ ಬಣ್ಣ, ತಾಳ, ಪರದೆ ಇವುಗಳ ನಡುವೆಯೇ ಬೆಳೆದರು. ಆ ಕಾಲದ ಕಂಪನಿಗಳಲ್ಲಿ ಮಕ್ಕಳು ಊರು ಬಿಟ್ಟು ಊರು ತಿರುಗುತ್ತಾ, ಹಗಲು ಹಾಡು ಕಲಿಯುತ್ತಾ, ರಾತ್ರಿ ಎಲ್ಲ ಎಚ್ಚರ ಇರಬೇಕಾಗಿತ್ತು. ನಮ್ಮಪ್ಪ ಪ್ರಾಕ್ಟೀಸು ಮುಗಿಸಿ ಬಂದು ಬೆಳಿಗ್ಗೆ ಎತ್ತಿಗೆ ಹುಲ್ಲು ಹಾಕುವುದಕ್ಕೇ ಏಳುವುದಿಲ್ಲ. ಆ ಹುಡುಗರು ಹೇಗೆ ಮಾಡುತ್ತಿದ್ದರೋ.

ವೀರಣ್ಣನವರಿಗೆ ಒಲಿದದ್ದು ಹಾಸ್ಯ. ರಾಜ ಮಹಾರಾಜರ ಪಾತ್ರ ಮಾಡುವವರು ಬೇಕಾದಷ್ಟು ಜನ ಇದ್ದರು. ನಗಿಸುವವರು ಕಡಿಮೆ. ಸದಾರಮೆ ಎಂಬ ನಾಟಕದಲ್ಲಿ ಅವರದು ಕಳ್ಳನ ಪಾತ್ರ. ಕಳ್ಳ ಬರುತ್ತಾನೆ ಅಂದರೆ ಜನ ಬೀಡಿ ಆರಿಸಿ ನೆಟ್ಟಗೆ ಕೂರುತ್ತಿದ್ದರು ಅಂತ ನಮ್ಮ ತಾತ ಅವರ ಅಪ್ಪನಿಂದ ಕೇಳಿದ ಮಾತು. ಬರೆದ ಮಾತಿನ ಜೊತೆಗೆ ಆವತ್ತಿನ ಊರಿನ ಸುದ್ದಿಯನ್ನೂ ಸೇರಿಸಿ ಆ ಕ್ಷಣಕ್ಕೆ ಮಾತು ಕಟ್ಟುವುದು ಅವರ ಶಕ್ತಿ. ಹಾಗಾಗಿ ಒಂದೇ ನಾಟಕವನ್ನು ನೋಡಿದವರೇ ಮತ್ತೆ ಮತ್ತೆ ನೋಡುತ್ತಿದ್ದರು. ಮೈಸೂರಿನ ಮಹಾರಾಜರೂ ಅವರ ನಟನೆಯನ್ನು ಮೆಚ್ಚಿದರು. ಅವರಿಗೆ ನಾಟಕರತ್ನ, ಕರ್ನಾಟಕಾಂಧ್ರ ನಾಟಕ ಸಾರ್ವಭೌಮ ಎಂಬ ಬಿರುದುಗಳಿದ್ದವು. ಕಳ್ಳನ ಪಾತ್ರ ಮಾಡಿ ಸಾರ್ವಭೌಮ ಆದವರು ಬೇರೆ ಯಾರೂ ಇರಲಾರರು.

1917ರಲ್ಲಿ, ಅವರಿಗೆ ಇಪ್ಪತ್ತಾರು ವರ್ಷ ಆಗಿದ್ದಾಗ, ಕಂಪನಿಯ ಯಜಮಾನಿಕೆ ಅವರ ಕೈಗೆ ಬಂತು. ಅಲ್ಲಿಂದ ಮುಂದೆ ಅವರು ಬರೀ ನಟ ಅಲ್ಲ. ಪಾತ್ರ ಮುಗಿದ ಮೇಲೆ ಬಣ್ಣ ಅಳಿಸಿಕೊಂಡು ಲೆಕ್ಕಕ್ಕೆ ಕೂರಬೇಕು.

ಇಲ್ಲಿ ನಾನು ಕಂಪನಿ ಅಂದರೆ ಏನು ಅಂತ ಸ್ವಲ್ಪ ಬರೆಯಬೇಕು. ನಾವು ಕಂಪನಿ ಅಂದರೆ ಫ್ಯಾಕ್ಟರಿ ಅಂದುಕೊಳ್ಳುತ್ತೇವೆ. ನಾಟಕದ ಕಂಪನಿ ಅಂದರೆ ನಡೆದಾಡುವ ಒಂದು ಊರು. ನಟರು, ನಟಿಯರು, ಹಾಡುವವರು, ಹಾರ್ಮೋನಿಯಂ, ತಬಲದವರು, ನಾಟಕ ಬರೆಯುವ ಕವಿಗಳು. ಇವರಿಷ್ಟೇ ಅಂತ ನಾನು ಮೊದಲು ಬರೆದಿದ್ದೆ. ಅಣ್ಣ ಓದಿ, ಇನ್ನುಳಿದವರು ಎಲ್ಲಿ ಅಂತ ಕೇಳಿದ. ಯಾರು ಅಂದೆ. ಅವನು ಬೆರಳು ಮಡಚಿ ಹೇಳಿದ್ದನ್ನು ಇಲ್ಲಿ ಸೇರಿಸಿದ್ದೇನೆ. ಪರದೆ ಬರೆಯುವ ಪೇಂಟರು, ಪರದೆ ಎಳೆಯುವವನು, ಕಿರೀಟ ಭುಜಕೀರ್ತಿ ಮಾಡುವವನು, ಬಟ್ಟೆ ಹೊಲಿಯುವ ದರ್ಜಿ, ಬಟ್ಟೆ ಒಗೆಯುವವರು, ದೀಪ ನೋಡಿಕೊಳ್ಳುವವನು, ಚಪ್ಪರ ಹಾಕುವವರು, ಬಾಗಿಲಲ್ಲಿ ಟಿಕೆಟ್ ಹರಿಯುವವನು, ಬೀದಿಯಲ್ಲಿ ಹ್ಯಾಂಡ್‌ಬಿಲ್ ಹಂಚುವವನು, ಮತ್ತೆ ಅಡುಗೆಯವರು. ಇಷ್ಟೂ ಜನಕ್ಕೆ ಊಟ ಹಾಕಬೇಕು, ಸಂಬಳ ಕೊಡಬೇಕು. ಮಳೆ ಬಂದು ಆಟ ನಿಂತರೂ ಒಲೆ ಹೊತ್ತಲೇಬೇಕು. ಒಂದು ಊರಲ್ಲಿ ಕ್ಯಾಂಪು ಹಾಕಿದರೆ ಕಲೆಕ್ಷನ್ ಇರುವತನಕ ಇದ್ದು, ಆಮೇಲೆ ಗಂಟುಮೂಟೆ ಕಟ್ಟಿ ಗಾಡಿ, ರೈಲು ಹತ್ತಿಸಿ ಮುಂದಿನ ಊರು. ಒಂದು ಕ್ಯಾಂಪಿನಲ್ಲಿ ಬಂದ ಲಾಭ ಇನ್ನೊಂದು ಕ್ಯಾಂಪಿನಲ್ಲಿ ಕರಗುತ್ತಿತ್ತು. ಪ್ಲೇಗು, ಬರಗಾಲ, ಸಾಲ ಇವೆಲ್ಲ ಆ ಕಾಲದ ನಾಟಕದವರ ಬೆನ್ನ ಹಿಂದೆಯೇ ಇರುತ್ತಿದ್ದವು. ಎಷ್ಟೋ ಕಂಪನಿಗಳು ಎದ್ದು ಎದ್ದು ಬಿದ್ದವು. ಗುಬ್ಬಿ ಕಂಪನಿ ಮಾತ್ರ ಅಷ್ಟು ವರ್ಷ ನಡೆಯಿತು. ಬೆಳೆದು ಶಾಖೆಗಳೂ ಆದವು, ಮಕ್ಕಳದ್ದೇ ಒಂದು ತಂಡವೂ ಇತ್ತು. ಕನ್ನಡದಲ್ಲಿ ಮಾತ್ರವಲ್ಲ, ತೆಲುಗು, ತಮಿಳು ಸೀಮೆಗಳಿಗೂ ಹೋಗಿ ಅವರ ಭಾಷೆಯಲ್ಲೇ ಆಡಿ ಬಂದರು.

ನಾನು ಹುಡುಗಿಯಾದ್ದರಿಂದ ಇನ್ನೊಂದು ವಿಷಯ ಬರೆಯದೆ ಬಿಡುವುದಿಲ್ಲ. ಹಿಂದೆ ನಾಟಕಗಳಲ್ಲಿ ಹೆಂಗಸಿನ ಪಾತ್ರವನ್ನೂ ಗಂಡಸರೇ ಸೀರೆ ಉಟ್ಟು ಮಾಡುತ್ತಿದ್ದರು. ವೀರಣ್ಣನವರು ತಮ್ಮ ಕಂಪನಿಯಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ರಂಗಕ್ಕೆ ತಂದರು. ಬಿ. ಜಯಮ್ಮನವರು ಹೀಗೆ ಬಂದು ದೊಡ್ಡ ನಟಿಯಾದರು, ವೀರಣ್ಣನವರ ಮಡದಿಯೂ ಆದರು. ನಮ್ಮ ಪಕ್ಕದ ಮಳವಳ್ಳಿಯ ಹೆಸರನ್ನು ತಮ್ಮ ಹೆಸರಿನ ಮುಂದೆ ಇಟ್ಟುಕೊಂಡ ಮಳವಳ್ಳಿ ಸುಂದರಮ್ಮನವರೂ ಈ ಕಂಪನಿಯಲ್ಲಿ ಹಾಡಿ ಹೆಸರಾದ ನಟಿ. ಮಳವಳ್ಳಿ ಬಸ್ಸಿನಲ್ಲಿ ದಿನಾ ಓಡಾಡುವ ನಮಗೆ ಆ ಹೆಸರೇ ಗೊತ್ತಿರಲಿಲ್ಲ!

ಆದರೆ ಆ ಹೆಣ್ಣುಮಕ್ಕಳಿಗೆ ಸುಖ ಇತ್ತು ಅಂತ ಅಂದುಕೊಳ್ಳಬೇಡಿ. ನಾಟಕದವರು ಅಂದರೆ ಬಾಡಿಗೆಗೆ ಮನೆ ಕೊಡದ ಕಾಲ. ರಾತ್ರಿ ಚಪ್ಪಾಳೆ ತಟ್ಟಿದವರೇ ಬೆಳಿಗ್ಗೆ ಮುಖ ತಿರುಗಿಸುತ್ತಿದ್ದರು. ಈಗಲೂ ಅದು ಪೂರ್ತಿ ಹೋಗಿಲ್ಲ. ನಮ್ಮೂರ ನಾಟಕಕ್ಕೆ ದ್ರೌಪದಿ ಪಾತ್ರಕ್ಕೆ ಮಂಡ್ಯದಿಂದ ಒಬ್ಬ ಅಕ್ಕ ಬರುತ್ತಾರೆ. ಅವರಿಗೆ ಊಟ ನಮ್ಮ ಮನೆಯಲ್ಲಿ ಅಂತ ಆದಾಗ ಓಣಿಯ ಕೆಲವರು ಅವ್ವನ ಕಿವಿಯಲ್ಲಿ ಏನೇನೋ ಹೇಳಿದರು. ಅವ್ವ ಅವರಿಗೆ ಜವಾಬು ಕೊಡದೆ ಎರಡು ಮೊಟ್ಟೆ ಜಾಸ್ತಿ ಬೇಯಿಸಿದಳು. ಆ ಅಕ್ಕ ಊಟ ಮಾಡಿ ತಟ್ಟೆ ತಾವೇ ತೊಳೆದಿಟ್ಟು, ತಮ್ಮ ಮಗಳೂ ಏಳನೇ ಕ್ಲಾಸು ಅಂತ ನನ್ನ ಇಂಗ್ಲಿಷ್ ಪುಸ್ತಕ ತಿರುವಿ ನೋಡಿದರು.

ಈಗ ಕುರುಕ್ಷೇತ್ರಕ್ಕೆ ಬರುತ್ತೇನೆ. 1934ರಲ್ಲಿ ವೀರಣ್ಣನವರು ಬೆಂಗಳೂರಿನಲ್ಲಿ ಕುರುಕ್ಷೇತ್ರ ನಾಟಕವನ್ನು ರಂಗಕ್ಕೆ ತಂದರು. ಬರೆದವರು ಬಿ. ಪುಟ್ಟಸ್ವಾಮಯ್ಯನವರು. ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ, ರಥ! ಬಟ್ಟೆಯ ಮೇಲೆ ಬರೆದ ಆನೆಯಲ್ಲ. ಇದನ್ನು ನಾನು ರಾಮಮಂದಿರದಲ್ಲಿ ಓದಿ ಹೇಳಿದಾಗ ನಮ್ಮೂರ ದುರ್ಯೋಧನನಿಗೆ ಹೊಟ್ಟೆ ಉರಿದುಹೋಯಿತು. ನಮ್ಮ ನಾಟಕಕ್ಕೆ ಮಂಡ್ಯದಿಂದ ಸೀನರಿ ಬಾಡಿಗೆಗೆ ತರುತ್ತಾರೆ, ಅದರ ಜೊತೆ ಒಂದು ಮರದ ರಥ ಬರುತ್ತದೆ ಅಷ್ಟೆ. ಕೃಷ್ಣನ ಪಾತ್ರದವರು ತಮ್ಮ ಹಸು ಬೇಕಾದರೆ ತರುತ್ತೇನೆ ಅಂದರು. ಎಲ್ಲರೂ ನಕ್ಕರು.

ಆದರೆ ಅಪ್ಪ ನಗಲಿಲ್ಲ. ಆನೆಗೆ ಮೇವು ಯಾರು ಹಾಕುತ್ತಿದ್ದರು ಅಂತ ಕೇಳಿದರು. ಎತ್ತು ಸಾಕುವವರಿಗೆ ಮೊದಲು ಅದೇ ಹೊಳೆಯುವುದು. ಸರಿ ಅಲ್ಲವೇ? ಆಟ ಒಂದು ರಾತ್ರಿ, ಮೇವು ದಿನಾ. ಇಂಥ ನಾಟಕಕ್ಕೆ ಮೊದಲು ದುಡ್ಡು ಸುರಿಯಬೇಕು, ಬರುವುದು ಆಮೇಲೆ. ಬರದೇ ಇದ್ದರೆ ಸಾಲ. ವೀರಣ್ಣನವರು ಬೇಕಾದಷ್ಟು ಸಂಪಾದಿಸಿದರು, ಬೇಕಾದಷ್ಟು ಕಳೆದರು. ಕೈಯಲ್ಲಿ ಇದ್ದದ್ದನ್ನು ಗಂಟು ಕಟ್ಟಿ ಇಡದೆ ಮುಂದಿನ ನಾಟಕಕ್ಕೆ ಹಾಕಿಬಿಡುತ್ತಿದ್ದರು. ಅವ್ವನ ಪ್ರಕಾರ ಇದು ಬುದ್ಧಿವಂತರ ಕೆಲಸ ಅಲ್ಲ. ನನಗೂ ಅರ್ಧ ಹಾಗೇ ಅನ್ನಿಸುತ್ತದೆ, ಅರ್ಧ ಹಾಗನ್ನಿಸುವುದಿಲ್ಲ.

ಅಷ್ಟರಲ್ಲಿ ಸಿನಿಮಾ ಬಂತು. ಕನ್ನಡದ ಮೊದಲ ಮಾತಿನ ಚಿತ್ರ ಸತಿ ಸುಲೋಚನ ಬಂದದ್ದು ಅದೇ 1934ರಲ್ಲಿ. ಒಂದೇ ವರ್ಷದಲ್ಲಿ ಆ ಕಡೆ ಆನೆ ಕುದುರೆಯ ಕುರುಕ್ಷೇತ್ರ, ಈ ಕಡೆ ಮಾತಾಡುವ ಪರದೆ. ಬೇರೆ ಯಜಮಾನರಾಗಿದ್ದರೆ ಸಿನಿಮಾವನ್ನು ಬೈದುಕೊಂಡು ಕೂರುತ್ತಿದ್ದರೇನೋ. ವೀರಣ್ಣನವರು ಅದರೊಳಕ್ಕೂ ಕೈ ಹಾಕಿದರು. ಮಾತು ಬರುವುದಕ್ಕೆ ಮೊದಲೇ ಮೂಕಿ ಚಿತ್ರ ತೆಗೆಯುವ ಪ್ರಯತ್ನ ಮಾಡಿದ್ದರು. 1935ರಲ್ಲಿ ಸದಾರಮೆ ನಾಟಕ ಸಿನಿಮಾ ಆಯಿತು, ಅದರಲ್ಲಿ ಅವರೂ ನಟಿಸಿದರು. 1942ರಲ್ಲಿ ಜೀವನ ನಾಟಕ, 1945ರಲ್ಲಿ ಹೇಮರೆಡ್ಡಿ ಮಲ್ಲಮ್ಮ ಚಿತ್ರಗಳು ಬಂದವು. ಸಿನಿಮಾ ಥಿಯೇಟರುಗಳನ್ನೂ ನಡೆಸಿದರು.

ಆ ಕಂಪನಿಯಲ್ಲಿ ಕೆಲಸ ಕಲಿತವರ ಹೆಸರು ಕೇಳಿದರೆ ನೀವು ಬೆರಗಾಗುತ್ತೀರಿ. ಗಾಜನೂರು ಅಂತ ಒಂದು ಊರು, ಚಾಮರಾಜನಗರದ ಆಚೆ, ಈಗ ತಮಿಳುನಾಡಿಗೆ ಸೇರಿದೆ. ಆ ಸೀಮೆಯ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯಲ್ಲಿ ಪೌರಾಣಿಕ ಪಾತ್ರಗಳಿಗೆ ಹೆಸರಾದ ನಟರು. (ಇವರು ಬೇರೆ, ಕುರುಕ್ಷೇತ್ರ ಬರೆದ ಪುಟ್ಟಸ್ವಾಮಯ್ಯನವರು ಬೇರೆ. ನಾನು ಮೊದಲು ಒಬ್ಬರೇ ಅಂದುಕೊಂಡಿದ್ದೆ.) ಅವರ ಮಗ ಮುತ್ತುರಾಜ ಶಾಲೆ ಬಿಟ್ಟು ಅಪ್ಪನ ಹಿಂದೆಯೇ ಕಂಪನಿಗೆ ಬಂದು ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದ. 1954ರಲ್ಲಿ ವೀರಣ್ಣನವರ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್‌ನವರು ಬೇಡರ ಕಣ್ಣಪ್ಪ ಎಂಬ ಚಿತ್ರ ತೆಗೆದರು. ನಿರ್ದೇಶಕರು ಎಚ್.ಎಲ್.ಎನ್. ಸಿಂಹ. ಅದರಲ್ಲಿ ಕಣ್ಣಪ್ಪನಾಗಿ ಬಂದ ಮುತ್ತುರಾಜನೇ ನಮ್ಮ ಡಾ. ರಾಜ್‌ಕುಮಾರ್. ಹಾಸ್ಯನಟ ನರಸಿಂಹರಾಜು, ಜಿ.ವಿ. ಅಯ್ಯರ್ ಅವರೂ ಆ ಚಿತ್ರದಲ್ಲಿದ್ದರು.

ಇಲ್ಲೇ ನನಗೆ ಸ್ವಲ್ಪ ಬೇಜಾರಾಗುವುದು. ಸಿನಿಮಾ ಬೆಳೆದಂತೆ ಕಂಪನಿಯ ಒಳ್ಳೆ ಒಳ್ಳೆ ನಟರು ಅತ್ತ ಹೋದರು. ಜನರೂ ಅತ್ತ ಹೋದರು. ಚಪ್ಪರದ ಕೆಳಗೆ ಚಾಪೆ, ಬೆಂಚು, ಕುರ್ಚಿ ಖಾಲಿ ಬೀಳತೊಡಗಿದವು. ತಾನು ಸಾಕಿದ ಹೋರಿಯನ್ನು ತಾನೇ ಸಂತೆಗೆ ಹೊಡೆದುಕೊಂಡು ಹೋದ ಹಾಗಾಯಿತು. ಆದರೆ ವೀರಣ್ಣನವರು ತಡೆಯಲಿಲ್ಲ. ಹೋಗುವವರನ್ನು ಕಟ್ಟಿಹಾಕುವ ಯಜಮಾನ ಅವರಲ್ಲ.

ಇದಕ್ಕೆ ಇನ್ನೊಂದು ಸಾಕ್ಷಿ ಬಿ.ವಿ. ಕಾರಂತರು. ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಹುಡುಗ, ನಾಟಕದ ಹುಚ್ಚಿನಿಂದ ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ. ಕಂಪನಿಯಲ್ಲಿ ಇದ್ದುಕೊಂಡೇ ಓದುವ ಆಸೆ. ವೀರಣ್ಣನವರು ಅವನನ್ನು ಕಾಶಿಗೆ ಕಳುಹಿಸಿ ಎಂ.ಎ. ಓದಲು ನೆರವಾದರು. ಒಬ್ಬ ನಟನನ್ನು ಕಳೆದುಕೊಂಡು ಒಬ್ಬ ವಿದ್ಯಾವಂತನನ್ನು ಮಾಡಿದರು. ಆ ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು. ಈ ಭಾಗವನ್ನು ನಾನು ಜೋರಾಗಿ ಓದುತ್ತಿದ್ದಾಗ ಅಣ್ಣ ಜಗಲಿಯಿಂದ ಎದ್ದು ಒಳಕ್ಕೆ ಬಂದು ಇನ್ನೊಂದು ಸಲ ಓದು ಅಂದ. ಅವನು ಪಿ.ಯು.ಸಿ. ಮಧ್ಯದಲ್ಲೇ ಬಿಟ್ಟವನು. ಅವನ ಕಂಪನಿಯಲ್ಲಿ ಯಾರೂ ಅವನನ್ನು ಎಷ್ಟು ಓದಿದ್ದೀಯ ಅಂತ ಕೇಳಲೇ ಇಲ್ಲವಂತೆ.

ವೀರಣ್ಣನವರಿಗೆ 1955ರಲ್ಲಿ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ ಬಂತು. 1972ರಲ್ಲಿ ಭಾರತ ಸರ್ಕಾರ ಪದ್ಮಶ್ರೀ ಕೊಟ್ಟಿತು. ಅದೇ ವರ್ಷ ಅಕ್ಟೋಬರ್ 18ರಂದು ಅವರು ತೀರಿಕೊಂಡರು. ಆಗ ಅವರಿಗೆ 81 ವರ್ಷ. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ರಂಗಮಂದಿರ ಇದೆ, ರಂಗಭೂಮಿಯಲ್ಲಿ ಕೆಲಸ ಮಾಡಿದವರಿಗೆ ರಾಜ್ಯ ಸರ್ಕಾರ ಅವರ ಹೆಸರಿನ ಪ್ರಶಸ್ತಿ ಕೊಡುತ್ತದೆ. ಅವರ ಆತ್ಮಕಥೆಯ ಹೆಸರು ಕಲೆಯೇ ಕಾಯಕ. ಅವರ ಮೊಮ್ಮಗಳು ಬಿ. ಜಯಶ್ರೀಯವರು ಹಾಡುವುದನ್ನು ನೀವು ಕೇಳಿರುತ್ತೀರಿ. ಅವರಿಗೂ 2013ರಲ್ಲಿ ಪದ್ಮಶ್ರೀ ಬಂದಿದೆ.

ಡ್ರಾಮಾ ಮೇಷ್ಟ್ರ ಹತ್ತಿರ ಹೋಗಿ ಓದಿ ಮುಗಿಸಿದೆ ಅಂದೆ. ಈಗ ಕೇಳು ಅಂದರು. ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಬಿಟ್ಟು, ವೀರಣ್ಣನವರು ಸಂಬಳ ಸರಿಯಾಗಿ ಕೊಡುತ್ತಿದ್ದರಾ ಅಂತ ಕೇಳಿಬಿಟ್ಟೆ. ಮೇಷ್ಟ್ರು ಹಾರ್ಮೋನಿಯಂ ತಿದಿ ಒತ್ತುತ್ತಾ, ಮೊದಲು ಒಲೆಗೆ, ಆಮೇಲೆ ಬೇರೆದಕ್ಕೆ, ಒಳ್ಳೆ ಕಂಪನಿಯ ಲೆಕ್ಕ ಯಾವಾಗಲೂ ಹಾಗೇ ಅಂದರು. ಅವರೂ ಚಿಕ್ಕಂದಿನಲ್ಲಿ ಯಾವುದೋ ಕಂಪನಿಯಲ್ಲಿ ಇದ್ದು ಬಂದವರು. ಅವರಿಗೆ ಅಲ್ಲಿ ಎಷ್ಟು ಬಾಕಿ ಅಂತ ನಾನು ಕೇಳಲಿಲ್ಲ.

ಹೋದ ಶನಿವಾರ ರಾತ್ರಿ ನಮ್ಮ ನಾಟಕ ಆಯಿತು, ನೀವೆಲ್ಲ ಬಂದಿದ್ದಿರಿ. ಲೈಟಿನವನು ಮದ್ದೂರಿನಿಂದ ಬರುವುದು ತಡವಾಗಿ, ಅಣ್ಣನೇ ಮೇಲೆ ಹತ್ತಿ ಎಲ್ಲಾ ಲೈಟು ಕಟ್ಟಿದ. ಕರ್ಣನ ಸಾವಿನ ಸೀನಿನಲ್ಲಿ ಒಂದೊಂದೇ ದೀಪ ಆರಿಸಿ ಕೊನೆಗೆ ಅಪ್ಪನ ಮುಖದ ಮೇಲೆ ಮಾತ್ರ ಕೆಂಪು ಉಳಿಸಿದ್ದು ಅವನೇ. ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಬೆಲ್ಲದ ದುಡ್ಡಿಗೋ ಕರ್ಣನಿಗೋ ಗೊತ್ತಾಗಲಿಲ್ಲ. ದೊಡ್ಡಪ್ಪ ಬೆಳಗಾಗುವ ತನಕ ಎದ್ದು ಹೋಗದೆ ಕೂತು ನೋಡಿದರು.

ಅಣ್ಣನಿಗೆ ಬೇರೆ ಒಂದು ಕಂಪನಿಯಿಂದ ಫೋನು ಬಂದಿತ್ತು. ಈ ಸಲ ಸಂಬಳದ ಮಾತು ಮೊದಲೇ ಬರೆಸಿಕೊಳ್ಳಬೇಕು ಅಂತ ದೊಡ್ಡಪ್ಪ, ಪಿ.ಯು.ಸಿ. ಪರೀಕ್ಷೆಗೆ ಕಟ್ಟಬೇಕು ಅಂತ ದೊಡ್ಡಮ್ಮ, ಇಬ್ಬರೂ ಎರಡೆರಡು ಸಲ ಹೇಳಿದರು. ಅವನು ಎರಡಕ್ಕೂ ಹೂಂ ಅಂದ. ಸೋಮವಾರ ಬೆಳಿಗ್ಗೆ ಮದ್ದೂರಿಗೆ ಬಸ್ಸು ಹತ್ತಿ ರೈಲಿಗೆ ಹೋದ. ಹೋಗುವಾಗ ನನ್ನ ಈ ಲೇಖನದ ಮೊದಲ ಪ್ರತಿಯನ್ನು ಮಡಚಿ ಜೇಬಿಗೆ ಇಟ್ಟುಕೊಂಡುಬಿಟ್ಟ. ಆದ್ದರಿಂದ ಇದು ಎರಡನೇ ಸಲ ಬರೆದದ್ದು. ಅವಸರದಲ್ಲಿ ಕಾಗುಣಿತ ತಪ್ಪಿದ್ದರೆ ಕನ್ನಡ ಮೇಷ್ಟ್ರು ದಯವಿಟ್ಟು ಕೆಂಪು ಇಂಕಿನಲ್ಲಿ ತಿದ್ದದೆ ಪೆನ್ಸಿಲಿನಲ್ಲಿ ತಿದ್ದಬೇಕಾಗಿ ಕೋರುತ್ತೇನೆ.

ಏಳನೇ ತರಗತಿ